ಅಮೆರಿಕದಲ್ಲಿ ಯಾರೂ ಕೊಳ್ಳದ ಹಾಡುಗಳು ವಿಗನ್‌ನಲ್ಲಿ ಗೆದ್ದದ್ದು ಹೇಗೆ

ಸೋಲ್ ಅಂದರೆ ಅಮೆರಿಕದ ಕರಿಯರ ಸಂಗೀತದ ಒಂದು ಬಗೆ, ಅದರಲ್ಲಿ ಇಂಗ್ಲೆಂಡಿನ ಉತ್ತರದವರು ಆರಿಸಿಕೊಂಡ ಹಾಡುಗಳಿಗೆ ಆಮೇಲೆ ಬಂದ ಹೆಸರು ನಾರ್ದರ್ನ್ ಸೋಲ್. 1960ರ ದಶಕದಲ್ಲಿ ಆ ಹೆಸರಿಟ್ಟು ಯಾರೂ ಒಂದು ಹಾಡನ್ನೂ ರೆಕಾರ್ಡ್ ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ. ಹಾಡಿದವರು ಅಮೆರಿಕದ ಡೆಟ್ರಾಯಿಟ್, ಶಿಕಾಗೊ, ಲಾಸ್ ಏಂಜಲೀಸ್ ಕಡೆಯವರು. ಹೆಚ್ಚಿನವರು ಕರಿಯ ಗಾಯಕರು. ಒಂದು ಸಿಂಗಲ್ (ಮುಖಕ್ಕೆ ಒಂದರಂತೆ ಎರಡು ಹಾಡಿನ ಸಣ್ಣ ರೆಕಾರ್ಡ್) ಮಾಡಿದರು, ಅದು ರೇಡಿಯೊದಲ್ಲಿ ಬರಲಿಲ್ಲ, ಅಂಗಡಿಯಲ್ಲಿ ಮಾರಾಟವಾಗಲಿಲ್ಲ, ಉಳಿದ ಪ್ರತಿಗಳು ಗೋದಾಮಿಗೆ ಹೋದವು. ಎಷ್ಟೋ ಜನ ಹಾಡುವುದನ್ನೇ ಬಿಟ್ಟು ಬೇರೆ ಕೆಲಸ ಹಿಡಿದರು. ಐದಾರು ವರ್ಷ, ಕೆಲವೊಮ್ಮೆ ಹತ್ತು ವರ್ಷ ಕಳೆದ ಮೇಲೆ ವಿಗನ್‌ನಂಥ, ಇಂಗ್ಲೆಂಡಿನ ಉತ್ತರದ ಗಿರಣಿ ಊರುಗಳಲ್ಲಿ ಹದಿನೆಂಟು, ಇಪ್ಪತ್ತು ವಯಸ್ಸಿನ ಹುಡುಗ ಹುಡುಗಿಯರು ಅದೇ ರೆಕಾರ್ಡ್‌ಗಳಿಗೆ ಬೆಳಗಿನವರೆಗೆ ಕುಣಿಯುತ್ತಿದ್ದರು. ಹಾಡಿದವರಿಗೆ ಇದರ ಸುಳಿವೇ ಇರಲಿಲ್ಲ.

ಈ ಸಂಗೀತದ ಗೀಳು ನನಗೆ ಹತ್ತಿದ್ದು ಚಿಕ್ಕ ವಯಸ್ಸಿನಲ್ಲಿ, ಇನ್ನೂ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಹಾಡುಗಳು ಚೆನ್ನಾಗಿವೆ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಯಾವ ಹಾಡು ಗೆಲ್ಲಬೇಕು ಅನ್ನುವುದನ್ನು ಇಲ್ಲಿ ಕಂಪನಿ ತೀರ್ಮಾನಿಸಲಿಲ್ಲ, ಪತ್ರಿಕೆ ತೀರ್ಮಾನಿಸಲಿಲ್ಲ, ಟಿವಿ ತೀರ್ಮಾನಿಸಲಿಲ್ಲ. ಕುಣಿಯುವವರೇ ತೀರ್ಮಾನಿಸಿದರು. ಅದೂ ಮಾರುಕಟ್ಟೆ ಒಮ್ಮೆ ಬೇಡ ಅಂದು ಬಿಸಾಕಿದ ಮೇಲೆ.

ಮೊದಲು ಈ ಹಾಡು ಕೇಳಲು ಹೇಗಿರುತ್ತದೆ ಅನ್ನುವುದನ್ನು ನೋಡೋಣ. 1959ರಲ್ಲಿ ಬೆರಿ ಗಾರ್ಡಿ ಡೆಟ್ರಾಯಿಟ್‌ನಲ್ಲಿ ಮೋಟೌನ್ ಅನ್ನುವ ರೆಕಾರ್ಡ್ ಕಂಪನಿ ಶುರು ಮಾಡಿದರು. 1960ರ ದಶಕದ ನಡುವಿನ ಹೊತ್ತಿಗೆ ಅವರ ಸ್ಟುಡಿಯೊದಿಂದ ಬರುತ್ತಿದ್ದ ಹಾಡುಗಳಿಗೆ ಒಂದು ಗುರುತಿತ್ತು. ನಾಲ್ಕು ಪೆಟ್ಟಿನ ತಾಳ, ಎಷ್ಟೋ ಸಲ ನಾಲ್ಕಕ್ಕೆ ನಾಲ್ಕೂ ಪೆಟ್ಟಿಗೆ ಸ್ನೇರ್ ಡ್ರಮ್ಮಿನ ಹೊಡೆತ, ಅದಕ್ಕೆ ಟ್ಯಾಂಬೊರಿನ್, ಕೆಳಗೆ ಒಂದೇ ಸಮನೆ ಓಡುವ ಬೇಸ್ ಗಿಟಾರ್, ಮೇಲೆ ವಯಲಿನ್‌ಗಳು, ಹಿತ್ತಾಳೆ ವಾದ್ಯಗಳು, ಹಿಂದಿನಿಂದ ಕೋರಸ್. ಈ ಎಲ್ಲದರ ನಡುವೆ ಜೀವ ಕೈಯಲ್ಲಿ ಹಿಡಿದು ಹಾಡುವ ಒಂದು ದನಿ. ಹಾಡು ಎರಡೂವರೆ ನಿಮಿಷ, ಹೆಚ್ಚೆಂದರೆ ಮೂರು. ಅಷ್ಟರಲ್ಲಿ ಎಲ್ಲ ಮುಗಿಯಬೇಕು.

ಇದರಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ತಾಳ ಕುಣಿಸುತ್ತದೆ, ಸಾಹಿತ್ಯ ಅಳಿಸುತ್ತದೆ. ಬಿಟ್ಟು ಹೋದವಳು, ಮೋಸ ಮಾಡಿದವನು, ಕೈತಪ್ಪಿದ ಕಾಲ, ಯಾರೂ ಇಲ್ಲದ ರಾತ್ರಿ, ಹೆಚ್ಚಿನ ಹಾಡುಗಳು ಇವುಗಳ ಬಗ್ಗೆಯೇ ಇವೆ. ಆದರೆ ಆ ದುಃಖವನ್ನು ನಿಧಾನಕ್ಕೆ ನರಳುತ್ತಾ ಹೇಳುವುದಿಲ್ಲ. ಓಡುತ್ತಾ ಹೇಳುತ್ತಾರೆ. ಎದೆಯೊಳಗೆ ಇರುವ ಭಾರವನ್ನು ಕಾಲಿನಿಂದ ಹೊರಗೆ ಹಾಕುವುದು ಹೇಗೆ ಅನ್ನುವುದನ್ನು ನಾನು ಕಲಿತದ್ದು ಈ ಹಾಡುಗಳಿಂದ. ಸುಮ್ನೆ ಖುಷಿಯ ಡಾನ್ಸ್ ಹಾಡು ಅಂದುಕೊಂಡು ಕೇಳಿದವರಿಗೆ ಇದರ ಅರ್ಧ ಮಾತ್ರ ಸಿಗುತ್ತದೆ.

ಮೋಟೌನ್ ಗೆದ್ದಿತು, ಅದು ಎಲ್ಲರಿಗೂ ಗೊತ್ತು. ಆದರೆ ಒಂದು ಮೋಟೌನ್ ಗೆದ್ದಾಗ ಅದೇ ದಾರಿ ಹಿಡಿದ ಸಣ್ಣ ಕಂಪನಿಗಳು ಲೆಕ್ಕವಿಲ್ಲದಷ್ಟು ಹುಟ್ಟಿದವು. ಡೆಟ್ರಾಯಿಟ್‌ನಲ್ಲೇ ರಿಕ್-ಟಿಕ್, ಗೋಲ್ಡನ್ ವರ್ಲ್ಡ್, ರೆವಿಲಾಟ್ ಇದ್ದವು. ಲಾಸ್ ಏಂಜಲೀಸ್‌ನಲ್ಲಿ ಮಿರ್‌ವುಡ್, ವಾಷಿಂಗ್ಟನ್‌ನಲ್ಲಿ ಶ್ರೈನ್. ಮೋಟೌನ್‌ನಲ್ಲಿ ಸಂಬಳಕ್ಕೆ ನುಡಿಸುತ್ತಿದ್ದ ವಾದ್ಯಗಾರರು ಕದ್ದುಮುಚ್ಚಿ ರಿಕ್-ಟಿಕ್‌ಗೂ ಹೋಗಿ ನುಡಿಸಿ ಬರುತ್ತಿದ್ದರು. ಹಾಗಾಗಿ ಸಣ್ಣ ಕಂಪನಿಯ ಹಾಡು ಕೇಳಲು ದೊಡ್ಡ ಕಂಪನಿಯ ಹಾಡಿನಷ್ಟೇ ಸೊಗಸಾಗಿರುತ್ತಿತ್ತು. ಇಲ್ಲದ್ದು ಹಣ. ರೇಡಿಯೊ ಸ್ಟೇಷನ್‌ಗಳಿಗೆ ಪ್ರತಿ ತಲುಪಿಸಲು, ಬೇರೆ ರಾಜ್ಯಗಳ ಅಂಗಡಿಗೆ ಮಾಲು ಕಳಿಸಲು, ಒಂದು ಹಾಡು ಸ್ವಲ್ಪ ಓಡತೊಡಗಿದಾಗ ಬೇಗ ಇನ್ನಷ್ಟು ಪ್ರತಿ ಒತ್ತಿಸಲು ದುಡ್ಡು ಬೇಕಲ್ವಾ? ಅದು ಇರಲಿಲ್ಲ. ಹಾಡು ಕೆಟ್ಟದ್ದಾಗಿ ಸೋಲಲಿಲ್ಲ. ಜನರ ಕಿವಿಗೆ ಬೀಳದೆ ಸೋತಿತು. ಈ ವ್ಯತ್ಯಾಸ ದೊಡ್ಡದು.

ಇನ್ನು ಇಂಗ್ಲೆಂಡಿನ ಕಡೆ ಬರೋಣ. ಮ್ಯಾಂಚೆಸ್ಟರ್‌ನಲ್ಲಿ ಟ್ವಿಸ್ಟೆಡ್ ವೀಲ್ ಅನ್ನುವ ಕ್ಲಬ್ 1963ರಲ್ಲಿ ಶುರುವಾಯಿತು, 1965ರಲ್ಲಿ ವಿಟ್‌ವರ್ತ್ ಸ್ಟ್ರೀಟ್‌ಗೆ ಬಂತು. ಶನಿವಾರ ರಾತ್ರಿಯಿಂದ ಭಾನುವಾರ ಬೆಳಗಿನವರೆಗೆ ಅಮೆರಿಕದ ಕರಿಯರ ಸಂಗೀತ. ಇಂಥ ರಾತ್ರಿಗಳನ್ನು ಆಲ್‌ನೈಟರ್ ಅನ್ನುತ್ತಿದ್ದರು, ಈಗಲೂ ಅದೇ ಹೆಸರು. 1967, 68ರ ಹೊತ್ತಿಗೆ ಅಮೆರಿಕದ ಸಂಗೀತ ಬದಲಾಗುತ್ತಿತ್ತು. ಗಾಯಕ ಜೇಮ್ಸ್ ಬ್ರೌನ್ ಫಂಕ್ ಅನ್ನುವ ಹೊಸ ಬಗೆಯ ಕಡೆ ತಿರುಗಿದ್ದರು, ತಾಳ ಒಡೆಯಿತು, ವೇಗ ಇಳಿಯಿತು. ಲಂಡನ್ನಿನ ಕ್ಲಬ್‌ಗಳು ಹೊಸದರ ಹಿಂದೆ ಹೋದವು. ಉತ್ತರದ ಹುಡುಗರು ಹೋಗಲಿಲ್ಲ. ಅವರಿಗೆ ಬೇಕಾಗಿದ್ದದ್ದು ಅದೇ ಹಳೆಯ ಓಟದ ತಾಳ.

ಇದನ್ನು ಮೊದಲು ಸರಿಯಾಗಿ ಗುರುತಿಸಿದವರು ಡೇವ್ ಗಾಡಿನ್. ಈ ಕಥೆಯಲ್ಲಿ ನಾನು ಅತ್ಯಂತ ಗೌರವಿಸುವ ಮನುಷ್ಯ. ಮೋಟೌನ್ ಅಭಿಮಾನಿ ಸಂಘ ಕಟ್ಟಿದವರು, ಬ್ಲೂಸ್ ಅಂಡ್ ಸೋಲ್ ಪತ್ರಿಕೆಯ ಅಂಕಣಕಾರ, ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಸೋಲ್ ಸಿಟಿ ಅನ್ನುವ ರೆಕಾರ್ಡ್ ಅಂಗಡಿ ಇಟ್ಟಿದ್ದವರು. ಉತ್ತರದಿಂದ ಫುಟ್‌ಬಾಲ್ ಪಂದ್ಯ ನೋಡಲು ಬಂದವರು ಅಂಗಡಿಗೂ ಬರುತ್ತಿದ್ದರು. ಹೊಸ ಫಂಕ್ ತೋರಿಸಿದರೆ ಅವರು ಕೈಯಲ್ಲೂ ಮುಟ್ಟುತ್ತಿರಲಿಲ್ಲ. ಅಂಥ ಗಿರಾಕಿ ಬಂದರೆ ನಾರ್ದರ್ನ್ ಸೋಲ್ ಹಾಕಿ ತೋರಿಸಿ ಅಂತ ಗಾಡಿನ್ ತಮ್ಮ ಹುಡುಗರಿಗೆ ಹೇಳಿಕೊಟ್ಟರು. 1970ರಲ್ಲಿ ಅದೇ ಹೆಸರು ಅವರ ಅಂಕಣದಲ್ಲಿ ಬಂತು. ಹೆಸರಿನಲ್ಲಿರುವ ಉತ್ತರ ಅಂದರೆ ಇಂಗ್ಲೆಂಡಿನ ಉತ್ತರ, ಅಮೆರಿಕದ್ದಲ್ಲ. ಹಾಡು ಹುಟ್ಟಿದ ಊರಿನ ಹೆಸರು ಬಿಟ್ಟು ಅದನ್ನು ಪ್ರೀತಿಸಿದವರ ಊರಿನ ಹೆಸರು ಇಟ್ಟುಕೊಂಡ ಸಂಗೀತ ಬೇರೆ ಯಾವುದಿದೆಯೋ ನನಗೆ ತೋಚುವುದಿಲ್ಲ.

ಈಗ ಈ ಇಡೀ ಲೋಕ ಹೇಗೆ ನಡೆಯುತ್ತಿತ್ತು ಅನ್ನುವುದರ ಮುಖ್ಯ ಜಾಗಕ್ಕೆ ಬರೋಣ, ಸ್ವಲ್ಪ ನಿಧಾನವಾಗಿ.

ಯೋಚಿಸಿ ನೋಡಿ. ನಿಮಗೆ ಇಷ್ಟವಾದ ಸಂಗೀತವನ್ನು ಮಾಡುವುದನ್ನು ಜನ ನಿಲ್ಲಿಸಿಬಿಟ್ಟಿದ್ದಾರೆ. 1966ರ ತಾಳದಲ್ಲಿ 1972ರಲ್ಲಿ ಯಾರೂ ಹಾಡುವುದಿಲ್ಲ. ಆದರೆ ವಾರ ವಾರ ಕುಣಿಯುವವರಿಗೆ ಕೇಳಿದ್ದನ್ನೇ ಕೇಳಿದರೆ ಸಾಕಾಗುವುದಿಲ್ಲ, ಹೊಸದು ಬೇಕು. ಹೊಸ ಹಾಡು ಎಲ್ಲಿಂದ ಬರಬೇಕು? ಒಂದೇ ದಾರಿ. ಆಗಲೇ ಆಗಿಹೋಗಿರುವ, ಆದರೆ ಯಾರೂ ಕೇಳಿಸಿಕೊಳ್ಳದ ಹಳೆಯ ಹಾಡನ್ನು ಹುಡುಕಿ ತರಬೇಕು. ಅಂದರೆ ಇಲ್ಲಿ ಹೊಸದು ಅಂದರೆ ಹಳೆಯದೇ, ಇನ್ನೂ ಸಿಗದ ಹಳೆಯದು. ಈ ಒಂದು ಕಾರಣದಿಂದ ಉಳಿದದ್ದೆಲ್ಲ ಹುಟ್ಟಿಕೊಂಡಿತು. ಹುಡುಕಾಟ, ಗುಟ್ಟು, ಪೈಪೋಟಿ, ಕಣ್ಣು ತಿರುಗಿಸುವ ಬೆಲೆ, ಜಗಳ, ಎಲ್ಲವೂ.

ಡಿಜೆಗಳು ಮತ್ತು ರೆಕಾರ್ಡ್ ಮಾರುವವರು ಅಮೆರಿಕಕ್ಕೆ ಹೋಗತೊಡಗಿದರು. ಮುಚ್ಚಿಹೋದ ಕಂಪನಿಗಳ ಗೋದಾಮು, ಗುಜರಿ ಅಂಗಡಿ, ಧೂಳು ತುಂಬಿದ ನೆಲಮಾಳಿಗೆ, ಎಲ್ಲಾ ಕಡೆ ನುಗ್ಗಿದರು. ಅಲ್ಲಿನವರಿಗೆ ಅದು ಕಸ, ಪೆಟ್ಟಿಗೆಗಟ್ಟಲೆ ಚಿಲ್ಲರೆ ಕಾಸಿಗೆ ಕೊಟ್ಟರು. ಆ ಕಸದಲ್ಲಿ ಹುಡುಕುವವನಿಗೆ ಕಿವಿ ಬೇಕಿತ್ತು. ಹೆಸರೇ ಕೇಳದ ಗಾಯಕ, ಹೆಸರೇ ಕೇಳದ ಲೇಬಲ್ (ಅಂದರೆ ರೆಕಾರ್ಡ್ ಕಂಪನಿ), ಎರಡು ಮುಖಗಳಲ್ಲಿ ಯಾವುದರಲ್ಲಿ ಜೀವವಿದೆ ಅನ್ನುವುದನ್ನು ತಾನೇ ಕೇಳಿ ಹೇಳಬೇಕು. ಡಿಜೆ ರಿಚರ್ಡ್ ಸರ್ಲಿಂಗ್ 1973ರಲ್ಲಿ ಅಮೆರಿಕಕ್ಕೆ ಹೋದಾಗ ಗ್ಲೋರಿಯಾ ಜೋನ್ಸ್ ಅನ್ನುವ ಗಾಯಕಿಯ 1965ರ ಒಂದು ಸಿಂಗಲ್ ಸಿಕ್ಕಿತು. ಅದರ ಹಿಂದಿನ ಮುಖದಲ್ಲಿದ್ದದ್ದು ‘ಟೇಂಟೆಡ್ ಲವ್’. ಬಿಡುಗಡೆಯಾದಾಗ ಮುಂದಿನ ಮುಖವೂ ಓಡಿರಲಿಲ್ಲ, ಇನ್ನು ಹಿಂದಿನದನ್ನು ಕೇಳುವವರು ಯಾರು! ಈ ಹಾಡಿನ ಕಥೆ ಮುಂದೆ ಇನ್ನೂ ಇದೆ.

ಇಂಥ ರೆಕಾರ್ಡ್ ಕೈಗೆ ಸಿಕ್ಕ ಡಿಜೆ ಮಾಡುತ್ತಿದ್ದ ಮೊದಲ ಕೆಲಸ ಅದರ ನಡುವೆ ಹೆಸರು ಅಚ್ಚಾಗಿರುವ ಚೀಟಿಯ ಮೇಲೆ ಕಾಗದ ಅಂಟಿಸುವುದು. ಇದಕ್ಕೆ ಕವರ್-ಅಪ್ ಅನ್ನುತ್ತಾರೆ. ಹಾಡಿನ ನಿಜವಾದ ಹೆಸರು, ಗಾಯಕನ ನಿಜವಾದ ಹೆಸರು ಯಾರಿಗೂ ಹೇಳುವುದಿಲ್ಲ, ಕಟ್ಟುಹೆಸರು ಕೊಟ್ಟು ಹಾಕುತ್ತಾರೆ. ಯಾಕೆಂದರೆ ಹೆಸರು ಗೊತ್ತಾದರೆ ಎದುರಿನ ಕ್ಲಬ್ಬಿನ ಡಿಜೆ ಇನ್ನೊಂದು ಪ್ರತಿ ಹುಡುಕಿ ತರುತ್ತಾನೆ, ಕಳ್ಳ ಪ್ರತಿ ಒತ್ತುವವರು ವಾರದೊಳಗೆ ಸಾವಿರ ಪ್ರತಿ ಮಾರುಕಟ್ಟೆಗೆ ಬಿಡುತ್ತಾರೆ. ಒಬ್ಬ ಡಿಜೆ ಮಾತ್ರ ಹಾಕುವ ಹಾಡು ಇದ್ದರೆ ಜನ ಆ ಹಾಡಿಗಾಗಿಯೇ ಬಸ್ಸು ಹತ್ತಿ, ರೈಲು ಹತ್ತಿ, ಎಲ್ಲೆಲ್ಲಿಂದಲೋ ಬರುತ್ತಾರೆ. ಇದು ಸರಿಯೇ ಅಂತ ಕೇಳಿದರೆ, ನನ್ನ ಮಟ್ಟಿಗೆ ಅರ್ಧ ಸರಿ. ಹುಡುಕಿದವನ ಶ್ರಮಕ್ಕೆ ಬೆಲೆ ಇರಬೇಕು ನಿಜ, ಆದರೆ ಮೊದಲೇ ಮರೆತುಹೋದ ಗಾಯಕನ ಹೆಸರನ್ನು ಇನ್ನೊಮ್ಮೆ ಮುಚ್ಚಿಡುವುದು ನನಗೆ ಇವತ್ತಿಗೂ ನೋವಿನ ವಿಷಯ.

ಫ್ರಾಂಕ್ ವಿಲ್ಸನ್ ಕಥೆ ಇದಕ್ಕೆ ಸಾಕ್ಷಿ. 1965ರಲ್ಲಿ ಮೋಟೌನ್‌ನ ಸೋಲ್ ಅನ್ನುವ ಲೇಬಲ್‌ಗಾಗಿ ಅವರು ‘ಡೂ ಐ ಲವ್ ಯು’ ಅನ್ನುವ ಹಾಡು ಹಾಡಿದರು. ಸುಮಾರು 250 ಪರೀಕ್ಷಾ ಪ್ರತಿಗಳು ಅಚ್ಚಾದವು ಅನ್ನುತ್ತಾರೆ. ಆದರೆ ಹಾಡು ಬಿಡುಗಡೆಯಾಗಲಿಲ್ಲ, ಪ್ರತಿಗಳನ್ನು ನಾಶ ಮಾಡಿದರು. ವಿಲ್ಸನ್ ಗಾಯನ ಬಿಟ್ಟು ನಿರ್ಮಾಪಕರಾದರು, ಎಡಿ ಕೆಂಡ್ರಿಕ್ಸ್ ಮುಂತಾದವರಿಗೆ ದೊಡ್ಡ ದೊಡ್ಡ ಹಾಡು ಮಾಡಿಕೊಟ್ಟರು. ಹೇಗೋ ಒಂದು ಪ್ರತಿ ಉಳಿದುಕೊಂಡು 1970ರ ದಶಕದ ಕೊನೆಯ ಹೊತ್ತಿಗೆ ವಿಗನ್ ಊರಿನ ಕ್ಲಬ್ ತಲುಪಿತು. ಅಲ್ಲಿ ಅದನ್ನು ಎಡಿ ಫಾಸ್ಟರ್ ಅನ್ನುವ ಸುಳ್ಳು ಹೆಸರಿನಲ್ಲಿ ಹಾಕಿದರು. ಮೊದಲ ಸ್ವರದಿಂದ ಕೊನೆಯವರೆಗೆ ಉಸಿರೇ ತೆಗೆದುಕೊಳ್ಳದೆ ಓಡುವ ಹಾಡು ಅದು. ನೆಲ ತುಂಬಿಹೋಗುತ್ತಿತ್ತು. ಕೊನೆಗೆ 1979ರಲ್ಲಿ ಬ್ರಿಟನ್ನಿನ ಮೋಟೌನ್ ಅದನ್ನು ನಿಜವಾದ ಹೆಸರಿನಲ್ಲೇ ಬಿಡುಗಡೆ ಮಾಡಿತು. ಮೂಲ ಪ್ರತಿಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ ಅನ್ನುವುದು ಸಂಗ್ರಹಕಾರರ ಮಾತು. ಒಂದು 2009ರಲ್ಲಿ 25,742 ಪೌಂಡ್‌ಗೆ ಹೋಯಿತು. 2020ರಲ್ಲಿ ಒಂದು ಪ್ರತಿಗೆ ಒಂದು ಲಕ್ಷ ಪೌಂಡ್ ಬಂತು. ಏಳು ಇಂಚಿನ ಒಂದು ಪ್ಲಾಸ್ಟಿಕ್ ತಟ್ಟೆಗೆ! ಆದರೆ ಹಾಡು ಕೇಳಿ. ಅದನ್ನು ಕೇಳಲು ಲಕ್ಷ ಪೌಂಡ್ ಬೇಡ, ಇವತ್ತು ಫೋನ್‌ನಲ್ಲೇ ಸಿಗುತ್ತದೆ, ಕೇಳಿದರೆ ಆ ಹುಚ್ಚು ಅರ್ಥವಾಗುತ್ತದೆ.

ಇನ್ನು ವಿಗನ್ ಕ್ಯಾಸಿನೊ. ಟ್ವಿಸ್ಟೆಡ್ ವೀಲ್ 1971ರಲ್ಲಿ ಮುಚ್ಚಿತು. ಸ್ಟೋಕ್ ಊರಿನ ಗೋಲ್ಡನ್ ಟಾರ್ಚ್ ಕ್ಲಬ್ ಒಂದು ವರ್ಷ ಜೋರಾಗಿ ನಡೆದು 1973ರಲ್ಲಿ ನಿಂತಿತು. ಅದೇ ವರ್ಷ ಸೆಪ್ಟೆಂಬರ್ 23ರಂದು ವಿಗನ್ ಕ್ಯಾಸಿನೊದಲ್ಲಿ ಮೊದಲ ಆಲ್‌ನೈಟರ್ ನಡೆಯಿತು. ವಿಗನ್ ಅಂದರೆ ಹತ್ತಿ ಗಿರಣಿ ಮತ್ತು ಕಲ್ಲಿದ್ದಲ ಗಣಿಗಳ ಊರು. ಎರಡೂ ಇಳಿಗಾಲದಲ್ಲಿದ್ದವು. ಕ್ಯಾಸಿನೊ ಅಂದರೆ ಜೂಜಿನ ಜಾಗ ಅಂದುಕೊಳ್ಳಬೇಡಿ, ಅದು ಎಂಪ್ರೆಸ್ ಬಾಲ್‌ರೂಮ್ ಅನ್ನುವ ಹಳೆಯ ನೃತ್ಯಶಾಲೆ. ದೊಡ್ಡ ಮರದ ನೆಲ, ಮೇಲೆ ಸುತ್ತಲೂ ಬಾಲ್ಕನಿ. ಸಂಜೆ ಮಾಮೂಲಿ ಡಾನ್ಸ್ ಮುಗಿದು ಆ ಜನ ಮನೆಗೆ ಹೋದ ಮೇಲೆ, ಬೆಳಗಿನ ಜಾವ 2 ಗಂಟೆಗೆ ಇವರಿಗೆ ಬಾಗಿಲು ತೆಗೆಯುತ್ತಿತ್ತು. 8 ಗಂಟೆಗೆ ಮುಗಿಯುತ್ತಿತ್ತು. ಇವರ ರಾತ್ರಿಗಳಲ್ಲಿ ಮದ್ಯ ಇಲ್ಲ. ಇದನ್ನು ಓದುವವರು ಇನ್ನೊಮ್ಮೆ ಓದಿ. ಇಂಗ್ಲೆಂಡಿನ ಶನಿವಾರ ರಾತ್ರಿ, ನೂರಾರು ಮೈಲಿ ದೂರದಿಂದ ಬಂದ ಯುವಕರು, ಮದ್ಯವಿಲ್ಲದ ಹಾಲ್, ಆರು ಗಂಟೆ ಬರೀ ಕುಣಿತ.

ಅದಕ್ಕೇ ಎಲ್ಲರ ಕೈಯಲ್ಲೂ ಒಂದು ಚೀಲ ಇರುತ್ತಿತ್ತು. ಬದಲಿಸಲು ಅಂಗಿ, ಟವೆಲ್, ಟಾಲ್ಕಂ ಪೌಡರ್, ಮಾರಾಟಕ್ಕೋ ಅದಲುಬದಲಿಗೋ ಒಂದಿಷ್ಟು ರೆಕಾರ್ಡ್. ಪೌಡರ್ ನೆಲಕ್ಕೆ, ಚರ್ಮದ ತಳದ ಬೂಟು ಅದರ ಮೇಲೆ ಜಾರಬೇಕು. ಹುಡುಗರಿಗೆ ಅಗಲ ಅಂದರೆ ಅಗಲವಾದ ಪ್ಯಾಂಟು ಮತ್ತು ಬನಿಯನ್, ಹುಡುಗಿಯರಿಗೆ ತಿರುಗಿದಾಗ ಅರಳುವ ಉದ್ದ ಲಂಗ. ಇದು ಫ್ಯಾಷನ್ ಆಗುವ ಮೊದಲು ಅನುಕೂಲವಾಗಿತ್ತು. ಬೆವರು ಸುರಿಯುವಾಗ, ಕಾಲು ಎತ್ತಿ ಒದೆಯುವಾಗ ಬಿಗಿ ಬಟ್ಟೆ ಹಾಕಲು ಆಗುವುದಿಲ್ಲ ಅಷ್ಟೇ.

ಕುಣಿತದ ಬಗ್ಗೆ ಬರೆಯುವಾಗ ಎಲ್ಲರೂ ಗಿರಕಿ ಮತ್ತು ಹಿಂದಕ್ಕೆ ಬೀಳುವ ಪಟ್ಟುಗಳ ಬಗ್ಗೆಯೇ ಬರೆಯುತ್ತಾರೆ. ನಿಂತಲ್ಲೇ ಗಿರ್ರನೆ ತಿರುಗುವುದು, ಹಿಂದಕ್ಕೆ ನೆಲಕ್ಕೆ ಬಿದ್ದು ಕೈಯೂರಿ ಮತ್ತೆ ತಾಳಕ್ಕೆ ಸರಿಯಾಗಿ ಏಳುವುದು, ಕಾಲು ಝಾಡಿಸುವುದು, ಇವು ಕಣ್ಣಿಗೆ ಹೊಡೆಯುತ್ತವೆ ನಿಜ. ಆದರೆ ಹೆಚ್ಚಿನವರು ಮಾಡುವುದು ಅದಲ್ಲ. ಪಕ್ಕದಿಂದ ಪಕ್ಕಕ್ಕೆ ಜಾರುವ ಹೆಜ್ಜೆ, ಎದೆ ನೆಟ್ಟಗೆ, ಕಾಲು ಮಾತ್ರ ಕೆಲಸದಲ್ಲಿ, ಕಣ್ಣು ನೆಲದ ಮೇಲೋ ಮುಚ್ಚಿಕೊಂಡೋ. ಹಾಡಿನಲ್ಲಿ ಚಪ್ಪಾಳೆ ಬರುವ ಜಾಗ ಎಲ್ಲರಿಗೂ ಗೊತ್ತು, ಆ ಜಾಗ ಬಂದಾಗ ಇಡೀ ಹಾಲ್ ಒಂದೇ ಚಪ್ಪಾಳೆ ಹೊಡೆಯುತ್ತದೆ. ಜೋಡಿ ಬೇಡ. ಒಬ್ಬರೇ ಕುಣಿಯುತ್ತಾರೆ, ಹುಡುಗರೂ ಒಬ್ಬರೇ, ಹುಡುಗಿಯರೂ ಒಬ್ಬರೇ. ಹುಡುಗಿಯನ್ನು ಕೇಳಿ, ಒಪ್ಪಿಸಿ, ಕೈ ಹಿಡಿದು ನೆಲಕ್ಕೆ ಇಳಿಯುವ ಪದ್ಧತಿಯಲ್ಲಿ ಬೆಳೆದ ಸಮಾಜದಲ್ಲಿ ಇದು ಸಣ್ಣ ಬದಲಾವಣೆ ಅಲ್ಲ. ವಾರವಿಡೀ ಮೇಸ್ತ್ರಿಯ ಮಾತು ಕೇಳಿ ಯಂತ್ರದ ಮುಂದೆ ನಿಂತವನು ಇಲ್ಲಿ ಯಾರ ಮಾತೂ ಕೇಳಬೇಕಾಗಿರಲಿಲ್ಲ. ಚೆನ್ನಾಗಿ ಕುಣಿದರೆ ಹೆಸರು ಬರುತ್ತಿತ್ತು, ಅಪರೂಪದ ರೆಕಾರ್ಡ್ ಗೊತ್ತಿದ್ದರೆ ಗೌರವ ಸಿಗುತ್ತಿತ್ತು. ಹಗಲಿನ ಲೋಕ ಇವರಿಗೆ ಕೊಡದೇ ಇದ್ದದ್ದು ಇವೆರಡೇ.

ಬೆಳಿಗ್ಗೆ 8ರ ಮೊದಲು ಯಾವಾಗಲೂ ಅದೇ ಮೂರು ಹಾಡು. ಹಾಡಿದವರು ಟೋಬಿ ಲೆಜೆಂಡ್, ಜಿಮ್ಮಿ ರಾಡ್‌ಕ್ಲಿಫ್, ಡೀನ್ ಪ್ಯಾರಿಶ್. ತ್ರೀ ಬಿಫೋರ್ ಎಯ್ಟ್, ಅಂದರೆ ಎಂಟಕ್ಕೆ ಮುಂಚಿನ ಮೂರು, ಅಂತಲೇ ಅವಕ್ಕೆ ಹೆಸರು. ಕ್ಯಾಸಿನೊದಲ್ಲಿ ಆಲ್‌ನೈಟರ್ ಶುರುವಾದ ಅದೇ 1973ರಲ್ಲಿ ರಾಡ್‌ಕ್ಲಿಫ್ ತೀರಿಕೊಂಡಿದ್ದರು. ತಮ್ಮ ಹಾಡು ಸಾವಿರಾರು ಜನರ ಭಾನುವಾರದ ಬೆಳಗಾಗಿದೆ ಅನ್ನುವುದು ಅವರಿಗೆ ತಿಳಿಯಲೇ ಇಲ್ಲ. ಪ್ಯಾರಿಶ್‌ಗೆ ತಿಳಿಯಿತು, ಬಹಳ ತಡವಾಗಿ. ಬ್ರೂಕ್ಲಿನ್‌ನ ಈ ಇಟಾಲಿಯನ್ ಮೂಲದ ಗಾಯಕ ದಶಕಗಳ ನಂತರ ಇಂಗ್ಲೆಂಡಿಗೆ ಬಂದು ತಮ್ಮ ಹಾಡನ್ನು ತಮಗಿಂತ ಚೆನ್ನಾಗಿ ಬಲ್ಲ ಜನರ ಮುಂದೆ ಹಾಡಿದರು.

ಅಲ್ಲಿ ನಿದ್ದೆಗೆಟ್ಟು ಕುಣಿಯಲು ತುಂಬಾ ಜನ ಆಂಫೆಟಮಿನ್ ಮಾತ್ರೆ ನುಂಗುತ್ತಿದ್ದರು. ಮಾತ್ರೆಗಾಗಿ ಔಷಧಿ ಅಂಗಡಿಗಳಿಗೆ ಕನ್ನ ಹಾಕಿದ್ದೂ ಇದೆ, ಪೊಲೀಸರ ಕಣ್ಣು ಕ್ಲಬ್‌ಗಳ ಮೇಲೆ ಬಿದ್ದದ್ದೂ ಅದಕ್ಕೇ. ಕೆಲವರ ಜೀವ ಹೋಯಿತು. ಆ ಕಾಲವನ್ನು ಬರೀ ಸವಿನೆನಪಾಗಿ ಹೇಳುವವರು ಇದನ್ನು ಬಿಟ್ಟುಬಿಡುತ್ತಾರೆ, ಬಿಡಬಾರದು.

ಜಗಳ ಅಂದೆನಲ್ಲ, ದೊಡ್ಡ ಜಗಳ ನಡೆದದ್ದು ಬ್ಲ್ಯಾಕ್‌ಪೂಲ್ ಅನ್ನುವ ಊರಿನ ಕ್ಲಬ್ ವಿಚಾರದಲ್ಲಿ. ಅಲ್ಲಿನ ಮೆಕ್ಕಾ ಅನ್ನುವ ನೃತ್ಯಶಾಲೆಯ ಹೈಲ್ಯಾಂಡ್ ರೂಮ್‌ನಲ್ಲಿ ಇಯಾನ್ ಲೆವಿನ್ ಮತ್ತು ಕಾಲಿನ್ ಕರ್ಟಿಸ್ ಡಿಜೆಗಳು. ಲೆವಿನ್ ಅವರ ಮನೆಯವರು ಮಯಾಮಿಗೆ ರಜೆಗೆ ಹೋಗುತ್ತಿದ್ದರು, ಹಾಗಾಗಿ ಅಮೆರಿಕದ ರೆಕಾರ್ಡ್‌ಗಳು ಅವರಿಗೆ ಬೇಗ ಸಿಗುತ್ತಿದ್ದವು. ಅಲ್ಲಿನ ರೇಡಿಯೊದಲ್ಲಿ ಕಾರ್‌ಸ್ಟೇರ್ಸ್ ಅನ್ನುವ ತಂಡದ ಒಂದು ಹಾಡು ಕೇಳಿ, ಅದು ಅಂಗಡಿಗೆ ಬರದಿದ್ದರೂ ಬಿಡದೆ ಹುಡುಕಿ ತಂದರು. ಅದು 1970ರ ದಶಕದ ಹಾಡು, ತಾಳ ಮೆತ್ತಗೆ, ನಯವಾದ ಸದ್ದು. ಹಳೆಯ ಹಾಡುಗಳು ಮುಗಿಯುತ್ತಾ ಬಂದಿವೆ, ಅದೇ ಭಾವ ಇರುವ ಹೊಸ ಹಾಡನ್ನೂ ಹಾಕೋಣ ಅನ್ನುವುದು ಅವರ ವಾದ. ವಿಗನ್ ಪಕ್ಷದವರಿಗೆ ಅದು ದ್ರೋಹವಾಗಿ ಕಂಡಿತು. ಲೆವಿನ್‌ರನ್ನು ಓಡಿಸಬೇಕು ಅನ್ನುವ ಬ್ಯಾಡ್ಜ್‌ಗಳೂ ಬಂದವು. ತಮಾಷೆ ಅಂದರೆ ಮೆಕ್ಕಾ ರಾತ್ರಿ 2ಕ್ಕೆ ಮುಚ್ಚುತ್ತಿದ್ದುದರಿಂದ ಎಷ್ಟೋ ಜನ ಅಲ್ಲಿ ಕುಣಿದು ನೇರ ವಿಗನ್‌ಗೆ ಹೋಗುತ್ತಿದ್ದರು. ಎರಡೂ ಇಷ್ಟಪಟ್ಟವರೇ ಜಾಸ್ತಿ ಇದ್ದರು ಅಂತ ನನ್ನ ಅನಿಸಿಕೆ. ನನಗೂ ಎರಡೂ ಬೇಕು. ಆದರೆ ವಾದದಲ್ಲಿ ನಾನು ಲೆವಿನ್ ಪರ. ಹುಡುಕುವುದನ್ನು ನಿಲ್ಲಿಸಿದರೆ ಇದು ನಾರ್ದರ್ನ್ ಸೋಲ್ ಆಗಿ ಉಳಿಯುವುದಿಲ್ಲ, ಹಳೆಯ ಹಾಡುಗಳ ಕಾರ್ಯಕ್ರಮ ಆಗುತ್ತದೆ. ಲೆವಿನ್ ಮುಂದೆ ಲಂಡನ್ನಿನ ಹೆವನ್ ಕ್ಲಬ್‌ನಲ್ಲಿ ಡಿಜೆಯಾಗಿ 1980ರ ದಶಕದ ಹೈ-ಎನರ್ಜಿ ಡಾನ್ಸ್ ಸಂಗೀತವನ್ನು ಕಟ್ಟಿದವರಲ್ಲಿ ಒಬ್ಬರಾದರು. ಅದರ ವೇಗ, ಅದರ ಸಂಕಟ ಎರಡೂ ಎಲ್ಲಿಂದ ಬಂತು ಅನ್ನುವುದು ಕೇಳಿದ ತಕ್ಷಣ ಗೊತ್ತಾಗುತ್ತದೆ.

ಈ ಗುಟ್ಟಿನ ಲೋಕದಿಂದ ಕೆಲವು ಹಾಡುಗಳು ಹೊರಗೂ ಹಾರಿದವು. ದಿ ಟ್ಯಾಮ್ಸ್ ತಂಡದ 1964ರ ಒಂದು ಹಾಡು 1971ರಲ್ಲಿ ಬ್ರಿಟನ್‌ನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಆರ್. ಡೀನ್ ಟೇಲರ್ 1967ರಲ್ಲಿ ಮಾಡಿದ ಹಾಡು 1974ರಲ್ಲಿ ಮೂರನೇ ಸ್ಥಾನ ಮುಟ್ಟಿತು. ಇವೆಲ್ಲ ಕ್ಲಬ್‌ಗಳ ಕೆಲಸ. ಆಮೇಲೆ ಕಂಪನಿಗಳಿಗೆ ದುಡ್ಡಿನ ವಾಸನೆ ಬಡಿಯಿತು. 1975ರಲ್ಲಿ ಒಂದು ಹಳೆಯ ವಾದ್ಯಸಂಗೀತಕ್ಕೆ ವೇಗ ಹೆಚ್ಚಿಸಿ, ಫುಟ್‌ಬಾಲ್ ಪಂದ್ಯದ ಗದ್ದಲ ಸೇರಿಸಿ, ವಿಗನ್ ಹೆಸರಿಟ್ಟು ಮಾರಿದರು. ಮೊದಲ ಹತ್ತರಲ್ಲೂ ಬಂತು. ಅದು ನನಗೆ ಇವತ್ತಿಗೂ ಸಹಿಸಲಾಗದ ಸದ್ದು.

‘ಟೇಂಟೆಡ್ ಲವ್’ ಮಾತ್ರ ಬೇರೆ. ಸಾಫ್ಟ್ ಸೆಲ್ ತಂಡದ ಡೇವ್ ಬಾಲ್ ಬ್ಲ್ಯಾಕ್‌ಪೂಲ್‌ನಲ್ಲಿ ಬೆಳೆದವರು, ನಾರ್ದರ್ನ್ ಸೋಲ್ ಅವರ ಕಿವಿಯಲ್ಲೇ ಇತ್ತು. 1981ರಲ್ಲಿ ಅವರು ಮತ್ತು ಮಾರ್ಕ್ ಆಮಂಡ್ ಸೇರಿ ಆ ಹಾಡನ್ನು ಸಿಂಥಸೈಜರ್‌ನಲ್ಲಿ, ವೇಗ ಇಳಿಸಿ, ತಣ್ಣಗೆ ಹಾಡಿದರು. ಬ್ರಿಟನ್‌ನಲ್ಲಿ ಮೊದಲ ಸ್ಥಾನ, ಅಮೆರಿಕದ ಪಟ್ಟಿಯಲ್ಲಿ 43 ವಾರ. ಅಮೆರಿಕ ಬಿಸಾಕಿದ ಹಾಡನ್ನು ಉತ್ತರ ಇಂಗ್ಲೆಂಡ್ ಎತ್ತಿಕೊಂಡು, ಸಾಕಿ, ಅಮೆರಿಕಕ್ಕೇ ವಾಪಸ್ ಮಾರಿತು ಅಂದ ಹಾಗಾಯಿತು. ಈ ಹಾಡು ನೀವು ಖಂಡಿತ ಕೇಳಿರುತ್ತೀರಿ. ಇನ್ನು ಗ್ಲೋರಿಯಾ ಜೋನ್ಸ್ ಹಾಡಿರುವುದನ್ನು ಕೇಳಿ. ಅದರಲ್ಲಿ ಬೆಂಕಿ ಇದೆ.

ದುಡ್ಡಿನ ಮಾತು ಬಂದಾಗ ಇನ್ನೊಂದನ್ನು ನೇರವಾಗಿ ಹೇಳಬೇಕು. ಕರಿಯ ಗಾಯಕರ ಸೋಲಿನಿಂದ ಹುಟ್ಟಿದ ಸಂಪತ್ತನ್ನು ಬಿಳಿಯ ಹುಡುಗರು ಅನುಭವಿಸಿದರು ಅನ್ನುವ ಟೀಕೆ ಇದೆ, ಅದರಲ್ಲಿ ಹುರುಳೂ ಇದೆ. ಕಳ್ಳ ಪ್ರತಿ ಮಾರಾಟವಾದಾಗ ಗಾಯಕನಿಗೆ ಕಾಸಿಲ್ಲ. ಮೂಲ ಪ್ರತಿ ಲಕ್ಷಕ್ಕೆ ಮಾರಾಟವಾದಾಗಲೂ ಗಾಯಕನಿಗೆ ಕಾಸಿಲ್ಲ, ಯಾಕೆಂದರೆ ಅದು ಹಳೆಯ ವಸ್ತುವಿನ ಮಾರಾಟ. ಮೂಲ ಪ್ರತಿಯನ್ನೇ ಹಾಕಬೇಕು, ಬೇರೆಯದು ಹಾಕಿದರೆ ಡಿಜೆಯೇ ಅಲ್ಲ ಅನ್ನುವ ಕಟ್ಟುನಿಟ್ಟು ಈಗಲೂ ಇದೆ. ಅದರ ಹಿಂದಿನ ನಿಷ್ಠೆ ನನಗೆ ಅರ್ಥವಾಗುತ್ತದೆ, ಆದರೆ ಗಾಯಕನ ಕೈಗೆ ನಾಲ್ಕು ಕಾಸು ಹೋಗುವುದು ಮರುಬಿಡುಗಡೆಯಿಂದ. ಕೆಂಟ್ ರೆಕಾರ್ಡ್ಸ್ ಅನ್ನುವ ಲಂಡನ್ ಕಂಪನಿ 1982ರಿಂದ ಹಕ್ಕುದಾರರನ್ನು ಹುಡುಕಿ, ಲೈಸೆನ್ಸ್ ಪಡೆದು, ಗಾಯಕರ ಕಥೆಯನ್ನೂ ಸೇರಿಸಿ ಪ್ರಕಟಿಸುತ್ತಾ ಬಂದಿದೆ. ನನ್ನ ದುಡ್ಡು ಹೆಚ್ಚಾಗಿ ಹೋಗಿರುವುದು ಅಲ್ಲಿಗೇ. ಮತ್ತೆ, ಗಾಯಕರನ್ನು ಕರೆಸಿ ಹಾಡಿಸಿದ್ದೂ ಇದೇ ಲೋಕ. ಗಾಯಕ ಮೇಜರ್ ಲ್ಯಾನ್ಸ್ ಗೋಲ್ಡನ್ ಟಾರ್ಚ್‌ನಲ್ಲಿ ಹಾಡಿದ್ದು ಆಲ್ಬಮ್ ಆಗಿಯೇ ಬಂತು. ರಿಕ್-ಟಿಕ್‌ನಲ್ಲಿ ಹಾಡುತ್ತಿದ್ದ ಎಡ್ವಿನ್ ಸ್ಟಾರ್ ಇಂಗ್ಲೆಂಡಿಗೇ ಬಂದು ನೆಲೆಸಿದರು, 2003ರಲ್ಲಿ ಅಲ್ಲೇ ತೀರಿಕೊಂಡರು. ಕ್ಲಬ್ಬಿನ ಹುಡುಗರ ಚೀಲಗಳ ಮೇಲೆ ಹೊಲಿದಿರುತ್ತಿದ್ದ ಮುಷ್ಟಿಯ ಬ್ಯಾಡ್ಜ್ ಕೂಡ ಬಂದದ್ದು ಅಮೆರಿಕದ ಕರಿಯರ ಹೋರಾಟದಿಂದ. ಎಷ್ಟು ಜನ ಅದನ್ನು ತಿಳಿದು ಹಾಕಿಕೊಂಡರೋ, ಆದರೆ ಗಾಡಿನ್ ತಿಳಿದೇ ಬರೆಯುತ್ತಿದ್ದರು.

ವಿಗನ್ ಕ್ಯಾಸಿನೊ 1981ರ ಡಿಸೆಂಬರ್ 6ರಂದು ಮುಚ್ಚಿತು. ಜಾಗ ಊರಿನ ಆಡಳಿತ ನಡೆಸುವ ಕೌನ್ಸಿಲ್‌ಗೆ ಬೇಕಾಗಿತ್ತು, ಕಚೇರಿ ಕಟ್ಟಡ ದೊಡ್ಡದು ಮಾಡಲು. ಕೊನೆಯ ಬೆಳಿಗ್ಗೆ ಆ ಮೂರು ಹಾಡುಗಳನ್ನು ಮತ್ತೆ ಮತ್ತೆ ಹಾಕಿದರೂ ಜನ ಕದಲಲಿಲ್ಲ. ಕೊನೆಗೆ ಡಿಜೆ ರಸ್ ವಿನ್‌ಸ್ಟಾನ್ಲಿ ಫ್ರಾಂಕ್ ವಿಲ್ಸನ್ ಹಾಡು ಹಾಕಿ ಮುಗಿಸಿದರು. ಮರುವರ್ಷ ಕಟ್ಟಡಕ್ಕೆ ಬೆಂಕಿ ಬಿತ್ತು, ಆಮೇಲೆ ಕೆಡವಿದರು. ಕೌನ್ಸಿಲ್ ಕಟ್ಟಡ ಬರಲೇ ಇಲ್ಲ. ಈಗ ಆ ಜಾಗದಲ್ಲಿ ಶಾಪಿಂಗ್ ಸೆಂಟರ್ ಇದೆ.

ಅಲ್ಲಿಗೆ ಎಲ್ಲ ಮುಗಿಯಿತು ಅಂತ ತುಂಬಾ ಜನ ಬರೆದರು. ಮುಗಿಯಲಿಲ್ಲ. ಸ್ಟಾಫರ್ಡ್ ಊರಿನ ಟಾಪ್ ಆಫ್ ದಿ ವರ್ಲ್ಡ್ ಅನ್ನುವ ಕ್ಲಬ್‌ನಲ್ಲಿ 1980ರ ದಶಕದಲ್ಲಿ ಹುಡುಕಾಟ ಮತ್ತೆ ಜೋರಾಯಿತು, ನಿಧಾನ ತಾಳದ ಹಾಡುಗಳಿಗೂ ನೆಲ ಸಿಕ್ಕಿತು. ಲಂಡನ್ನಿನ 100 ಕ್ಲಬ್ ಆಲ್‌ನೈಟರ್ ನಾಲ್ಕು ದಶಕ ದಾಟಿದೆ. 2023ರ ಜುಲೈಯಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿಯ ಪ್ರಾಮ್ಸ್ ಸಂಗೀತೋತ್ಸವದಲ್ಲಿ, ದೊಡ್ಡ ಆರ್ಕೆಸ್ಟ್ರಾ ಇದೇ ಹಾಡುಗಳನ್ನು ನುಡಿಸಿತು. ಅದು ನನಗೆ ಹೆಮ್ಮೆಯ ರಾತ್ರಿ. ಆದರೂ ನನ್ನ ಮನಸ್ಸು ಇರುವುದು ಸಣ್ಣ ಹಾಲ್‌ಗಳಲ್ಲಿ, ಎಪ್ಪತ್ತರ ಹತ್ತಿರದ ಗಂಡಸು ಮತ್ತು ಇಪ್ಪತ್ತರ ಹುಡುಗಿ ಒಂದೇ ನೆಲದ ಮೇಲೆ ಒಂದೇ ಜಾಗದಲ್ಲಿ ಚಪ್ಪಾಳೆ ಹೊಡೆಯುವ ಕಡೆ.

ಕೇಳಲು ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಡೋಬಿ ಗ್ರೇ ಅವರ ‘ಔಟ್ ಆನ್ ದಿ ಫ್ಲೋರ್’, 1966ರದ್ದು. ಕುಣಿತದ ಬಗ್ಗೆಯೇ ಇರುವ ಹಾಡು, ಖುಷಿಯದ್ದು, ಕಿವಿಗೆ ಸುಲಭ. ಅದು ಹಿಡಿಸಿದರೆ ಫ್ರಾಂಕ್ ವಿಲ್ಸನ್, ಆಮೇಲೆ ಗ್ಲೋರಿಯಾ ಜೋನ್ಸ್. ದೊಡ್ಡ ಸದ್ದಿನಲ್ಲಿ ಕೇಳಿ, ಫೋನಿನ ಸ್ಪೀಕರ್‌ನಲ್ಲಿ ಬೇಸ್ ಸಿಗುವುದಿಲ್ಲ. ಜಿಮ್ಮಿ ರಾಡ್‌ಕ್ಲಿಫ್ ಅವರದ್ದನ್ನು ಮಾತ್ರ ಮೊದಲ ದಿನವೇ ಕೇಳಬೇಡಿ. ಬೆಳಗಿನ ಆ ಕೊನೆಯ ಮೂರು ಹಾಡುಗಳಲ್ಲಿ ಅದು ನಿಧಾನದ್ದು, ಒಂದಷ್ಟು ಓಟದ ಹಾಡುಗಳಿಗೆ ಕಾಲು ಸೋತ ಮೇಲೆ ಹಾಕಿಕೊಳ್ಳಿ.